ಬೀಗದ ಬೀರುವಿನಿಂದ ಆಲೆಮನೆಯವರೆಗೆ: ನಮ್ಮ ಮೂರು ತಾಲ್ಲೂಕುಗಳ ವಿಜ್ಞಾನ ಮೇಷ್ಟ್ರುಗಳ ಐವತ್ತು ವರ್ಷ

ಶಾಲೆಯ ಸುವರ್ಣ ಮಹೋತ್ಸವ ಎಂದರೆ ಜಾಗ ದಾನ ಕೊಟ್ಟ ಮಹನೀಯರು, ಮೊದಲ ಹೆಂಚಿನ ಕೊಠಡಿ, ಬೆತ್ತ ಹಿಡಿದ ಹೆಡ್‌ಮಾಸ್ಟರು, ಎಸ್.ಎಸ್.ಎಲ್.ಸಿ. ಫಲಿತಾಂಶ ಇವೇ ಮೊದಲು ನೆನಪಿಗೆ ಬರುತ್ತವೆ. ಇವೆಲ್ಲ ನೆನೆಯಬೇಕಾದ ಸಂಗತಿಗಳೇ. ಈ ಸಂಚಿಕೆಯ ಬೇರೆ ಪುಟಗಳಲ್ಲಿ ಅವು ಬಂದೇ ಬರುತ್ತವೆ. ಈ ಲೇಖನದಲ್ಲಿ ಹೇಳಹೊರಟಿರುವುದು ಅಷ್ಟಾಗಿ ಯಾರೂ ಬರೆದಿಡದ ಒಂದು ಚರಿತ್ರೆ. ಅದು ಆರು, ಏಳು, ಎಂಟನೇ ತರಗತಿಗಳಿಗೆ ವಿಜ್ಞಾನ ಹೇಳಿಕೊಟ್ಟ ಮೇಷ್ಟ್ರು ಮತ್ತು ಟೀಚರುಗಳ ಚರಿತ್ರೆ.

ಹೈಸ್ಕೂಲಿನ ಸಂಚಿಕೆಯಲ್ಲಿ ಮಿಡ್ಲ್ ಸ್ಕೂಲಿನ ಮಾತೇಕೆ ಎಂದು ಕೆಲವರು ಕೇಳಬಹುದು. ಎಂಟನೇ ತರಗತಿ ನಮ್ಮ ಹೈಸ್ಕೂಲಿನ ಮೊದಲ ಮೆಟ್ಟಿಲು. ಸುತ್ತಮುತ್ತಲ ಹಳ್ಳಿಗಳ ಹಿರಿಯ ಪ್ರಾಥಮಿಕ ಶಾಲೆಗಳಿಂದ ಬರುವ ಮಕ್ಕಳು ವಿಜ್ಞಾನವನ್ನು ಪ್ರೀತಿಸುತ್ತಾರೋ, ಅದಕ್ಕೆ ಹೆದರುತ್ತಾರೋ ಎಂಬುದು ಇಲ್ಲಿಗೆ ಬರುವ ಹೊತ್ತಿಗೇ ಬಹುಪಾಲು ತೀರ್ಮಾನವಾಗಿರುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ಬೇರು ಹುಡುಕಿದರೆ ಅದು ಆರನೇ ತರಗತಿಯ ಕೋಣೆಯಲ್ಲಿ ಸಿಗುತ್ತದೆ. ಆ ಕೋಣೆಯಲ್ಲಿ ನಿಂತ ಶಿಕ್ಷಕರು ಈ ಐವತ್ತು ವರ್ಷಗಳಲ್ಲಿ ಹೇಗೆ ಬೆಳೆದರು, ಯಾವುದು ಅವರನ್ನು ಬೆಳೆಸಿತು, ಯಾವುದು ತಡೆಯಿತು ಎಂಬುದೇ ಇಲ್ಲಿನ ವಿಷಯ.

ಹೊಳೆ ದಂಡೆಯ ವಿಜ್ಞಾನ

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಿಗೆ ವಿಜ್ಞಾನ ಹೊಸದೇನಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುತ್ ಕೇಂದ್ರದಿಂದ 1902ರ ಜೂನ್ 30ರಂದು ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಸುಮಾರು 147 ಕಿಲೋಮೀಟರ್ ಉದ್ದದ ಆ ತಂತಿಮಾರ್ಗ ಅಂದಿಗೆ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲಿ ಒಂದಾಗಿತ್ತು. 1905ರಲ್ಲಿ ಅದೇ ನೀರಿನ ಬಲದಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ, ಮುಂದೆ ವಿಶ್ವೇಶ್ವರಯ್ಯ ನಾಲೆಯ ನೀರು ನಮ್ಮ ಹೊಲಗಳಿಗೆ ಬಂತು. ರಾಗಿ, ಹುರುಳಿ ಬೆಳೆಯುತ್ತಿದ್ದ ಒಣಭೂಮಿಯಲ್ಲಿ ಕಬ್ಬು, ಭತ್ತ ನಿಂತವು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಅದರ ಹಿಂದೆ ನಿಂತು ದುಡಿದವರಲ್ಲಿ ಮುಖ್ಯರಾದ ಲೆಸ್ಲಿ ಕೋಲ್ಮನ್ ಕೆನಡಾದಿಂದ ಬಂದ ಕೀಟಶಾಸ್ತ್ರಜ್ಞರು, ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರು. ವಿ.ಸಿ. ಫಾರಂನಲ್ಲಿ ಬೆಳೆಗಳ ಸಂಶೋಧನೆ ಬೆಳೆಯಿತು. 1962ರಲ್ಲಿ ಕೆ.ವಿ. ಶಂಕರಗೌಡರ ಶ್ರಮದಿಂದ ಮಂಡ್ಯದಲ್ಲಿ ಪಿ.ಇ.ಎಸ್. ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು.

ಹೀಗೆ ವಿದ್ಯುತ್ತು, ಅಣೆಕಟ್ಟೆ, ಸಕ್ಕರೆ, ತಳಿಶಾಸ್ತ್ರ ಎಲ್ಲವೂ ನಮ್ಮ ಮಕ್ಕಳ ಕಣ್ಣಳತೆಯಲ್ಲೇ ಇದ್ದವು. ಆದರೆ ಇವುಗಳಿಗೂ ವಿಜ್ಞಾನದ ಪಾಠಕ್ಕೂ ನಂಟು ಬೆಳೆಯಲಿಲ್ಲ. ಪುಸ್ತಕದಲ್ಲಿ ಜಲವಿದ್ಯುತ್ ಎಂಬ ಪಾಠ ಇತ್ತು. ಮಕ್ಕಳು ಅದನ್ನು ಉರು ಹೊಡೆದು ಒಪ್ಪಿಸುತ್ತಿದ್ದರು. ಗಗನಚುಕ್ಕಿಗೆ ಪ್ರವಾಸ ಹೋದಾಗ ಧುಮುಕುವ ನೀರು ನೋಡಿ, ಬುತ್ತಿ ಬಿಚ್ಚಿ ಉಂಡು ಬರುತ್ತಿದ್ದರು. ಆ ನೀರಿನ ಒಂದು ಪಾಲು ಕೊಳವೆಯಲ್ಲಿ ಇಳಿದು ಚಕ್ರ ತಿರುಗಿಸಿದ್ದರಿಂದಲೇ ಬೆಂಗಳೂರಿಗೆ ಬೆಳಕು ಹೋಯಿತು ಎಂದು ಅಲ್ಲೇ ನಿಂತು ಹೇಳುವ ಮೇಷ್ಟ್ರು ಸಿಕ್ಕರೆ ಅದು ಆ ಮಕ್ಕಳ ಪುಣ್ಯ.

ಬೀರು ಯಾಕೆ ಬೀಗ ಹಾಕಿತ್ತು?

ಐವತ್ತು ವರ್ಷಗಳ ಹಿಂದಿನ ಮಿಡ್ಲ್ ಸ್ಕೂಲಿನ ವಿಜ್ಞಾನ ಎಂದರೆ ಹಳೆಯ ವಿದ್ಯಾರ್ಥಿಗಳಿಗೆ ನೆನಪಾಗುವುದು ಹೆಡ್‌ಮಾಸ್ಟರ ಕೊಠಡಿಯಲ್ಲಿದ್ದ ಒಂದು ಬೀರು. ಅದರೊಳಗೆ ಗಾಜಿನ ಪ್ರನಾಳ, ಸ್ಪಿರಿಟ್ ದೀಪ, ದಂಡಕಾಂತ, ಪಟ್ಟಕ. ಹೊರಗೆ ಬೀಗ. ವರ್ಷಕ್ಕೊಮ್ಮೆ ಇನ್‌ಸ್ಪೆಕ್ಟರು ಬರುವ ದಿನ ಅದಕ್ಕೆ ಧೂಳು ಹೊಡೆಯುವುದು ವಾಡಿಕೆ.

ಇದಕ್ಕಾಗಿ ಮೇಷ್ಟ್ರುಗಳನ್ನು ದೂರುವುದು ಸುಲಭ. ಕಾರಣ ಬೇರೆಯೇ ಇತ್ತು. ಬೀರುವಿನ ಪ್ರತಿಯೊಂದು ವಸ್ತುವೂ ದಾಸ್ತಾನು ವಹಿಯಲ್ಲಿ ದಾಖಲಾಗಿತ್ತು. ವರ್ಗಾವಣೆಯಾದಾಗ ಪಟ್ಟಿ ನೋಡಿ ಚಾರ್ಜು ಒಪ್ಪಿಸಬೇಕು. ಒಡೆದ ಪ್ರನಾಳಕ್ಕೆ ಉತ್ತರ ಕೊಡಬೇಕಾದವರು ಮೇಷ್ಟ್ರೇ. ಒಡೆಯಬಾರದೆಂದರೆ ಮುಟ್ಟಬಾರದು, ಮುಟ್ಟಬಾರದೆಂದರೆ ಬೀಗ ಹಾಕಬೇಕು. ಇನ್ನೊಂದು ಕಾರಣವೂ ಇತ್ತು. ಅಂದಿನ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರಲ್ಲಿ ಬಹುತೇಕರು ಟಿ.ಸಿ.ಎಚ್. ಮುಗಿಸಿ ಬಂದವರು. ಕನ್ನಡ, ಗಣಿತ, ಸಮಾಜ, ವಿಜ್ಞಾನ ಎಲ್ಲವನ್ನೂ ಅವರೇ ಹೇಳಬೇಕು. ವಿಜ್ಞಾನವನ್ನೇ ಓದಿದವರು ಕಡಿಮೆ. ಪ್ರಯೋಗ ಮಾಡುವಾಗ ಮಗು ಕೇಳುವ ಪ್ರಶ್ನೆಗೆ ಉತ್ತರ ಬರದಿದ್ದರೆ ಎಂಬ ಅಳುಕು ಎಲ್ಲರಿಗೂ ಇತ್ತು. ಆ ಅಳುಕನ್ನು ಹಂಚಿಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬ ವಿಜ್ಞಾನ ಶಿಕ್ಷಕರೂ ಇರುತ್ತಿರಲಿಲ್ಲ.

ಇದೇ ಹೊತ್ತಿನಲ್ಲಿ, 1972ರಲ್ಲಿ, ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಹಳ್ಳಿ ಮಿಡ್ಲ್ ಸ್ಕೂಲುಗಳಲ್ಲಿ ಒಂದು ಹೊಸ ಕಾರ್ಯಕ್ರಮ ಶುರುವಾಯಿತು. ಅಲ್ಲಿ ಮಕ್ಕಳೇ ಗುಂಪಾಗಿ ಕೂತು, ಸಿಗುವ ಸಾಮಾನುಗಳಿಂದಲೇ ಪ್ರಯೋಗ ಮಾಡಿ, ಕಂಡದ್ದನ್ನು ಬರೆದು, ವಾದಿಸಿ ಪಾಠ ಕಲಿಯುತ್ತಿದ್ದರು. ಒಡೆಯುವುದು ಕಲಿಕೆಯ ಭಾಗ ಎಂದು ಒಪ್ಪಿಕೊಂಡ ಕಾರ್ಯಕ್ರಮ ಅದು. ಅದಕ್ಕಿಂತ ದೊಡ್ಡ ಸಂಗತಿ ಎಂದರೆ ಶಿಕ್ಷಕರು ತಿಂಗಳಿಗೊಮ್ಮೆ ಒಂದೆಡೆ ಸೇರಿ, ತರಗತಿಯಲ್ಲಿ ಏನಾಯಿತು, ಯಾವ ಪ್ರಯೋಗ ಕೈಕೊಟ್ಟಿತು ಎಂದು ಮಾತಾಡುತ್ತಿದ್ದರು. ಮುಂದೆ ಸಾವಿರಕ್ಕೂ ಹೆಚ್ಚು ಶಾಲೆಗಳಿಗೆ ಹಬ್ಬಿದ ಆ ಕಾರ್ಯಕ್ರಮವನ್ನು ಅಲ್ಲಿನ ಸರ್ಕಾರ 2002ರಲ್ಲಿ ನಿಲ್ಲಿಸಿತು. ಆದರೂ ದೇಶದ ವಿಜ್ಞಾನ ಶಿಕ್ಷಕರಿಗೆ ಅದು ಒಂದು ಪಾಠ ಬಿಟ್ಟುಹೋಯಿತು: ಶಿಕ್ಷಕರು ಒಂಟಿಯಾಗಿ ಬೆಳೆಯುವುದಿಲ್ಲ. ಮಾಡಲು ಕೈತುಂಬ ಕೆಲಸ ಬೇಕು, ಮಾಡಿದ್ದನ್ನು ತೋರಿಸಲು ಜೊತೆಗಾರರು ಬೇಕು.

ನಮ್ಮ ತಾಲ್ಲೂಕುಗಳ ಕಥೆಯನ್ನೂ ಈ ಅಳತೆಗೋಲಿನಿಂದ ನೋಡಿದರೆ ಸ್ಪಷ್ಟವಾಗುತ್ತದೆ. ಈ ಎರಡೂ ಸಿಕ್ಕ ಕಡೆ ಬೀರು ತೆರೆಯಿತು. ಒಂದು ತಪ್ಪಿದ ಕಡೆ ಮತ್ತೆ ಬೀಗ ಬಿತ್ತು.

1980: ಒಂದು ಗ್ರಹಣ, ಒಂದು ಪರಿಷತ್ತು

1980ರ ಫೆಬ್ರವರಿ 16ರಂದು ಉತ್ತರ ಕರ್ನಾಟಕದ ಮೇಲೆ ಪೂರ್ಣ ಸೂರ್ಯಗ್ರಹಣ ಹಾದುಹೋಯಿತು. ನಮ್ಮ ಕಡೆ ಅದು ಪಾರ್ಶ್ವಗ್ರಹಣ. ಮನೆ ಬಾಗಿಲು ಹಾಕಿಕೊಂಡು, ನೀರಿನ ಪಾತ್ರೆಗೆ ದರ್ಭೆ ಹಾಕಿ, ಬಸುರಿ ಹೆಂಗಸರನ್ನು ಕತ್ತಲ ಕೋಣೆಯಲ್ಲಿ ಕೂರಿಸುತ್ತಿದ್ದ ಕಾಲ. ಆಗ ಶಾಲೆ ಕಲಿತವರು ಇರಲಿಲ್ಲವೆಂದಲ್ಲ. ಭೂಮಿ, ಚಂದ್ರ, ಸೂರ್ಯ ಒಂದೇ ಸಾಲಿಗೆ ಬಂದಾಗ ಗ್ರಹಣ ಎಂದು ಪರೀಕ್ಷೆಯಲ್ಲಿ ಬರೆದವರೇ ಅಂದು ಒಳಗೆ ಕೂತರು. ಪುಸ್ತಕದ ಗ್ರಹಣ ಬೇರೆ, ಆಕಾಶದ ಗ್ರಹಣ ಬೇರೆ ಎನ್ನುವ ಹಾಗಿತ್ತು.

ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿ ನಾಗರಿಕರ ಮೂಲಭೂತ ಕರ್ತವ್ಯ ಎಂಬ ಮಾತು 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿತ್ತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿ ನಾಡಿನಲ್ಲೆಲ್ಲ ಚರ್ಚೆ ಎಬ್ಬಿಸಿದ್ದರು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪನೆಯಾಯಿತು. ಜೆ.ಆರ್. ಲಕ್ಷ್ಮಣರಾವ್, ಅಡ್ಯನಡ್ಕ ಕೃಷ್ಣಭಟ್ ಮೊದಲಾದವರು ಕನ್ನಡದಲ್ಲೇ ವಿಜ್ಞಾನ ಬರೆಯುವ ಪರಂಪರೆಯನ್ನು ಅದರ ಮೂಲಕ ಗಟ್ಟಿಮಾಡಿದರು. ಪರಿಷತ್ತಿನ 'ಬಾಲ ವಿಜ್ಞಾನ' ಮಾಸಪತ್ರಿಕೆ ಹಳ್ಳಿಯ ಶಾಲೆಗೂ ಬರತೊಡಗಿತು.

ಇಂದಿನ ಮಕ್ಕಳಿಗೆ ಇದರ ಬೆಲೆ ತಿಳಿಯುವುದು ಕಷ್ಟ. ಮೊಬೈಲ್ ಇಲ್ಲ, ಲೈಬ್ರರಿಯಲ್ಲಿ ವಿಜ್ಞಾನದ ಕನ್ನಡ ಪುಸ್ತಕ ಇದ್ದರೆ ಒಂದೋ ಎರಡೋ. ಅಂಥ ಕಡೆ ಅಂಚೆಯಲ್ಲಿ ಬರುವ ತೆಳು ಪತ್ರಿಕೆಯೊಂದು ಮೇಷ್ಟ್ರಿಗೇ ಮೇಷ್ಟ್ರಾಗಿತ್ತು. ಕಲಾ ವಿಭಾಗದಲ್ಲಿ ಓದಿ ವಿಜ್ಞಾನ ಹೇಳಬೇಕಾಗಿ ಬಂದವರು ಅದನ್ನು ಓದಿಯೇ ಧೈರ್ಯ ತಂದುಕೊಂಡರು. ಜಾಣ ಶಿಕ್ಷಕರಾದರೆ ಹಳೆಯ ಸಂಚಿಕೆಗಳನ್ನು ದಾರ ಹಾಕಿ ಹೊಲಿದು ಇಟ್ಟುಕೊಳ್ಳುತ್ತಿದ್ದರು. ವೃತ್ತಿಯಲ್ಲಿ ಬೆಳೆಯುವುದು ಎಂಬ ಮಾತು ಆಗ ಬಳಕೆಯಲ್ಲಿರಲಿಲ್ಲ. ಕೆಲಸ ಮಾತ್ರ ನಡೆದಿತ್ತು.

ಪೆಟ್ಟಿಗೆ ಬಂತು, ಸಭೆಯೂ ಬಂತು

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೇ 1987ರಲ್ಲಿ ಕಪ್ಪುಹಲಗೆ ಕಾರ್ಯಾಚರಣೆ ಬಂತು. ಪ್ರಾಥಮಿಕ ಶಾಲೆಗಳಿಗೆ ವಿಜ್ಞಾನದ ಕಿಟ್, ಸಣ್ಣ ಉಪಕರಣಗಳ ಕಿಟ್ ಸರಬರಾಜಾದವು. ಸಾಮಾನು ಬಂದರೂ ಹಳೆಯ ಭಯ ಹಾಗೇ ಇತ್ತು. ಎಷ್ಟೋ ಕಡೆ ಬೀರುವಿನ ಪಕ್ಕದಲ್ಲಿ ಇನ್ನೊಂದು ಬೀಗದ ಪೆಟ್ಟಿಗೆ ಕೂತಿತು, ಅಷ್ಟೆ.

ಬದಲಾವಣೆಯ ಗಾಳಿ ಬೀಸಿದ್ದು 1994ರ ನಂತರ. ಆ ವರ್ಷ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮಕ್ಕೆ, ನಾವೆಲ್ಲ ಡಿ.ಪಿ.ಇ.ಪಿ. ಎಂದು ಕರೆಯುತ್ತಿದ್ದ ಯೋಜನೆಗೆ, ಕರ್ನಾಟಕದಲ್ಲಿ ಮೊದಲ ಹಂತಕ್ಕೆ ಆಯ್ಕೆಯಾದ ನಾಲ್ಕು ಜಿಲ್ಲೆಗಳಲ್ಲಿ ಮಂಡ್ಯವೂ ಒಂದು. ಬೆಳಗಾವಿ, ಕೋಲಾರ, ರಾಯಚೂರು ಉಳಿದ ಮೂರು. ಯೋಜನೆ ಮುಖ್ಯವಾಗಿ ಕೆಳಗಿನ ತರಗತಿಗಳಿಗೆ ಇದ್ದದ್ದು. ಆದರೂ ಅದರಿಂದ ಹುಟ್ಟಿದ ಬಿ.ಆರ್.ಸಿ., ಸಿ.ಆರ್.ಸಿ.ಗಳು ಇಡೀ ಶಿಕ್ಷಕ ವರ್ಗದ ಬದುಕನ್ನೇ ಬದಲಿಸಿದವು. ಹತ್ತಾರು ಶಾಲೆಗಳ ಶಿಕ್ಷಕರು ಒಂದು ಸಿ.ಆರ್.ಸಿ.ಯಲ್ಲಿ ಸೇರುವ ಸಮಾಲೋಚನಾ ಸಭೆ ಆರಂಭವಾಯಿತು. ಕಾಗದಪತ್ರದ ಸಭೆಯಾಗಿ ಮುಗಿದ ದಿನಗಳು ಬಹಳ. ಆದರೆ ಒಳ್ಳೆಯ ಸಂಪನ್ಮೂಲ ವ್ಯಕ್ತಿ ಇದ್ದ ಕಡೆ ಒಬ್ಬ ಟೀಚರು ದಾಸವಾಳದ ಹೂ ಕುದಿಸಿದ ನೀರಿಗೆ ನಿಂಬೆರಸ ಬಿಟ್ಟು ಕೆಂಪು, ಸುಣ್ಣದ ತಿಳಿ ಬಿಟ್ಟು ಹಸಿರು ಮಾಡಿ ತೋರಿಸಿದರೆ, ಮಾರನೇ ವಾರ ಆ ಪ್ರಯೋಗ ಹತ್ತು ಶಾಲೆಗಳಲ್ಲಿ ನಡೆಯುತ್ತಿತ್ತು. ಒಡೆಯುವ ಗಾಜಿಲ್ಲ, ದಾಸ್ತಾನು ವಹಿಯಿಲ್ಲ, ಖರ್ಚಿಲ್ಲ. 2001ರಲ್ಲಿ ಸರ್ವ ಶಿಕ್ಷಣ ಅಭಿಯಾನ ಬಂದ ಮೇಲೆ ಈ ಏರ್ಪಾಡು ಎಂಟನೇ ತರಗತಿಯವರೆಗೂ ಚಾಚಿಕೊಂಡಿತು.

ಆಲೆಮನೆಯೇ ಪ್ರಯೋಗಾಲಯ

1993ರಲ್ಲಿ ದೇಶಮಟ್ಟದಲ್ಲಿ ಮಕ್ಕಳ ವಿಜ್ಞಾನ ಸಮಾವೇಶ ಶುರುವಾಯಿತು. ಕರ್ನಾಟಕದಲ್ಲಿ ಅದನ್ನು ನಡೆಸುವ ಹೊಣೆಯನ್ನು ವಿಜ್ಞಾನ ಪರಿಷತ್ತು ಹೊತ್ತುಕೊಂಡಿತು. 10ರಿಂದ 17 ವರ್ಷದ ಮಕ್ಕಳು ಒಬ್ಬ ಮಾರ್ಗದರ್ಶಿ ಶಿಕ್ಷಕರೊಂದಿಗೆ ಗುಂಪಾಗಿ ತಮ್ಮೂರಿನ ಒಂದು ಸಮಸ್ಯೆಯನ್ನು ಅಧ್ಯಯನ ಮಾಡಿ, ವರದಿ ಬರೆದು, ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದಲ್ಲಿ ಮಂಡಿಸಬೇಕು. ಇಲ್ಲಿ ಮಾದರಿ ಮಾಡಿ ತಂದಿಟ್ಟರೆ ಸಾಲದು. ಅಳೆಯಬೇಕು, ಬರೆಯಬೇಕು, ಕೇಳಿದ್ದಕ್ಕೆ ಉತ್ತರ ಕೊಡಬೇಕು. ನಮ್ಮ ಶಿಕ್ಷಕರಿಗೆ ಊರಿನತ್ತ ತಿರುಗಿ ನೋಡಲು ಇದು ಹೊಸ ಕಾರಣ ಕೊಟ್ಟಿತು.

ನಮ್ಮ ಕಡೆ ಪ್ರಾಜೆಕ್ಟ್ ಎಂದರೆ ಮೊದಲು ಹೊಳೆಯುವುದು ಆಲೆಮನೆ. ಅಲ್ಲಿ ಏನಿಲ್ಲ? ಗಾಣದಲ್ಲಿ ಸರಳ ಯಂತ್ರ, ಒಲೆಯಲ್ಲಿ ದಹನಕ್ರಿಯೆ, ಕೊಪ್ಪರಿಗೆಯಲ್ಲಿ ಬಾಷ್ಪೀಕರಣ, ಅಚ್ಚಿನಲ್ಲಿ ಘನೀಕರಣ, ಒಣಗಿದ ಸಿಪ್ಪೆಯಲ್ಲಿ ಮರುಬಳಕೆಯ ಇಂಧನ. "ಸಾ, ಕಬ್ಬಿನ ಹಾಲ್ಗೆ ಸುಣ್ಣ ಯಾಕಾಕ್ತರೆ?" ಎಂದು ಆರನೇ ತರಗತಿಯ ಹುಡುಗ ಕೇಳಿದರೆ ಅದರೊಳಗೆ ಆಮ್ಲ, ಪ್ರತ್ಯಾಮ್ಲಗಳ ಇಡೀ ಪಾಠ ಇದೆ. ಕಬ್ಬಿನ ಹಾಲು ತುಸು ಆಮ್ಲೀಯ. ಹಾಗೇ ಕಾಯಿಸಿದರೆ ಆಮ್ಲ ಮತ್ತು ಶಾಖ ಸೇರಿ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಆಗಿ ಒಡೆಯುತ್ತವೆ. ಬೆಲ್ಲ ಗಟ್ಟಿಯಾಗದೆ ಅಂಟಂಟಾಗುತ್ತದೆ. ಹದವಾಗಿ ಸುಣ್ಣ ಬಿಟ್ಟರೆ ಆಮ್ಲ ತಗ್ಗುತ್ತದೆ. ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಬೆಂಡೆ ಗಿಡದ ಲೋಳೆ ಹಾಕಿದರೆ ಕಸರೆಲ್ಲ ಅದಕ್ಕೆ ಅಂಟಿ ಮಡ್ಡಿಯಾಗಿ ಮೇಲೆ ತೇಲುತ್ತದೆ. ಪಾಕ ಬಂತೋ ಇಲ್ಲವೋ ಎಂದು ಅಡುವವನು ತಣ್ಣೀರಿಗೆ ಒಂದು ಹನಿ ಬಿಟ್ಟು, ಉಂಡೆ ಕಟ್ಟಿ ನೋಡುತ್ತಾನೆ. ಅದೇ ಹೊತ್ತಿಗೆ ಉಷ್ಣಮಾಪಕ ಇಟ್ಟರೆ ಪಾದರಸ ಸುಮಾರು 118 ಡಿಗ್ರಿ ಸೆಲ್ಸಿಯಸ್ ತೋರಿಸುತ್ತದೆ. ಅಕ್ಷರ ಬಾರದ ಆ ಮನುಷ್ಯನ ಬೆರಳು ಮತ್ತು ಶಾಲೆಯ ಉಷ್ಣಮಾಪಕ ಒಂದೇ ಮಾತು ಹೇಳಿದ್ದನ್ನು ಕಂಡ ಮಗು ಎರಡನ್ನೂ ಗೌರವಿಸಲು ಕಲಿಯುತ್ತದೆ.

ತೂಕದ ಪ್ರಾಜೆಕ್ಟು ಇನ್ನೂ ಸರಳ. ಕಡಿದ ಕಬ್ಬಿನ ಒಂದು ಕಟ್ಟನ್ನು ನೆರಳಿನಲ್ಲಿ, ಇನ್ನೊಂದನ್ನು ಬಿಸಿಲಿನಲ್ಲಿ ಇಟ್ಟು, ಅಂಗಡಿಯ ತಕ್ಕಡಿಯಲ್ಲಿ ದಿನವೂ ತೂಗಿ ಬರೆದುಕೊಂಡು ನಕ್ಷೆ ಎಳೆಯುವುದು. ದಿನ ಕಳೆದಂತೆ ಗೆರೆ ಇಳಿಯುತ್ತ ಹೋಗುತ್ತದೆ. ಕಟಾವಾದ ಕಬ್ಬು ಗಾಡಿಯಲ್ಲೇ ನಿಂತರೆ ತನ್ನ ಅಪ್ಪನಿಗೆ ಆಗುವ ನಷ್ಟ ಎಷ್ಟು ಎಂದು ಮಗು ತಾನೇ ಲೆಕ್ಕ ಹಾಕುತ್ತದೆ. ಏಳನೇ ತರಗತಿಯ ಶೇಕಡಾವಾರು ಲೆಕ್ಕಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪುಸ್ತಕದಲ್ಲಿ ಇಲ್ಲ.

ಆಲೆಮನೆಯ ಪ್ರಶ್ನೆಗಳೆಲ್ಲ ಹಿತವಾದವೇ ಎಂದಲ್ಲ. ಬೆಲ್ಲಕ್ಕೆ ಹೊಂಬಣ್ಣ ಬರಲೆಂದು 'ಹೈಡ್ರೋಸ್' ಹಾಕುವ ರೂಢಿ ಬಂತು. ಅದು ಗಂಧಕದ ಸಂಯುಕ್ತ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 70 ಭಾಗ ಮೀರಬಾರದೆಂದು ಆಹಾರ ಕಾನೂನು ಹೇಳುತ್ತದೆ. ಹೈಡ್ರೋಸ್ ಹಾಕಿದ ಬೆಲ್ಲ, ಹಾಕದ ಬೆಲ್ಲ ಎರಡನ್ನೂ ತರಗತಿಯ ಕಪಾಟಿನಲ್ಲಿ ಇಟ್ಟು ಕೆಲವು ತಿಂಗಳು ನೋಡಿದರೆ, ಬಿಳುಪಿಸಿದ ಬಣ್ಣ ನಿಲ್ಲದೆ ಮಂಕಾಗುವುದು ಕಾಣುತ್ತದೆ. ಆದರೆ ಆ ತರಗತಿಯಲ್ಲೇ ಆಲೆಮನೆ ಯಜಮಾನರ ಮಕ್ಕಳೂ ಕೂತಿರುತ್ತಾರೆ. ಮಾರುಕಟ್ಟೆಯಲ್ಲಿ ಹೊಂಬಣ್ಣಕ್ಕೇ ಹೆಚ್ಚು ದರ ಸಿಗುವಾಗ ರೈತನೊಬ್ಬನನ್ನೇ ಬೈಯುವುದೂ ನ್ಯಾಯವಲ್ಲ. ಕೊಳ್ಳುವವರು ಬಣ್ಣ ಯಾಕೆ ಕೇಳುತ್ತಾರೆ ಎಂಬುದೂ ಪ್ರಾಜೆಕ್ಟಿನ ಪ್ರಶ್ನೆಯೇ. ಯಾರನ್ನೂ ನೋಯಿಸದೆ, ಸತ್ಯವನ್ನೂ ಮುಚ್ಚಿಡದೆ ಈ ಪಾಠ ಮಾಡಲು ಬಂದರೆ ಆ ಶಿಕ್ಷಕರು ನಿಜವಾಗಿ ಬೆಳೆದಿದ್ದಾರೆ ಎಂದೇ ಅರ್ಥ. ಯಾವ ತರಬೇತಿ ಕೈಪಿಡಿಯಲ್ಲೂ ಇದನ್ನು ಬರೆದಿರುವುದಿಲ್ಲ.

ಹೆಜ್ಜಾರ್ಲೆಯೂ ರಾಗಿಯೂ ಕಲಿಸಿದ ತಾಳ್ಮೆ

ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು ನಮ್ಮ ಶಾಲೆಗಳಿಗೆ ಇನ್ನೊಂದು ತೆರೆದ ತರಗತಿ. ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ, ಅರಳಿ, ಅತ್ತಿ ಮರಗಳ ಮೇಲೆ ಗೂಡು ಕಟ್ಟುತ್ತವೆ. ಹಕ್ಕಿಗಳನ್ನು ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಭಾವಿಸುತ್ತ ಬಂದಿದ್ದಾರೆ. ಹತ್ತೊಂಬತ್ತನೇ ಶತಮಾನದಲ್ಲೇ ಜೆರ್ಡನ್ ಎಂಬ ಪಕ್ಷಿತಜ್ಞ ಈ ಜಾಗವನ್ನು ದಾಖಲಿಸಿದ್ದ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಇದನ್ನು ಮತ್ತೆ ಹೊರಜಗತ್ತಿಗೆ ಪರಿಚಯಿಸಿದರು. 1994ರಲ್ಲಿ 'ಹೆಜ್ಜಾರ್ಲೆ ಬಳಗ' ಹುಟ್ಟಿ, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಊರಿನ ಯುವಕರು ಕೈಗೆತ್ತಿಕೊಂಡರು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಇಲ್ಲಿ ಮಕ್ಕಳು ಮಾಡಬಹುದಾದ ಕೆಲಸ ಎಣಿಕೆ. ಯಾವ ಮರದಲ್ಲಿ ಎಷ್ಟು ಗೂಡು, ಯಾವ ವಾರ ಮೊದಲ ಹಕ್ಕಿ ಬಂತು, ಕೆರೆಯಲ್ಲಿ ನೀರೆಷ್ಟಿತ್ತು, ಹಿಕ್ಕೆಯ ಗೊಬ್ಬರ ಯಾರ ಹೊಲಕ್ಕೆ ಹೋಯಿತು. ಒಂದು ದಿನದ ಎಣಿಕೆಯಿಂದ ಏನೂ ತಿಳಿಯುವುದಿಲ್ಲ. ಹತ್ತು ವರ್ಷ ಬೇರೆ ಬೇರೆ ತಂಡದ ಮಕ್ಕಳು ಅದೇ ಮರಗಳನ್ನು ಎಣಿಸಿ ಬರೆದಿಟ್ಟರೆ, ಮಳೆ, ಕೆರೆ, ಮರ, ಹಕ್ಕಿ ಇವುಗಳ ನಂಟು ತಾನಾಗಿ ಕಾಣುತ್ತದೆ. ವಿಜ್ಞಾನದಲ್ಲಿ ಬುದ್ಧಿಯಷ್ಟೇ ತಾಳ್ಮೆಯೂ ಬೇಕು ಎಂಬುದು ಅಲ್ಲಿ ಮನದಟ್ಟಾಗುತ್ತದೆ.

ಆ ತಾಳ್ಮೆಗೆ ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಹೆಸರಿದೆ. ವಿ.ಸಿ. ಫಾರಂನಲ್ಲಿ ದುಡಿದ ಸಿ.ಎಚ್. ಲಕ್ಷ್ಮಣಯ್ಯನವರನ್ನು ಜನ ಪ್ರೀತಿಯಿಂದ 'ರಾಗಿ ಲಕ್ಷ್ಮಣಯ್ಯ' ಎಂದರು. ರಾಗಿಯ ಹೂ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದು, ತನ್ನೊಳಗೇ ಪರಾಗಸ್ಪರ್ಶ ಮಾಡಿಕೊಳ್ಳುವಂಥದ್ದು. ಎರಡು ತಳಿಗಳನ್ನು ಕೂಡಿಸುವುದು ಬಲು ಕಷ್ಟ. ಆದರೂ ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯೊಂದಿಗೆ ಸಂಕರ ಮಾಡಿ ಅವರು 'ಇಂಡಾಫ್' ತಳಿಗಳ ಸಾಲನ್ನೇ ಕೊಟ್ಟರು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಿನಲ್ಲಿವೆ. ನಮ್ಮ ಮನೆಗಳ ಮುದ್ದೆಯ ಹಿಂದೆ ಇಂಥ ಒಬ್ಬರ ದಶಕಗಳ ಬರಹದ ಪುಸ್ತಕಗಳಿವೆ ಎಂದು ಎಷ್ಟು ಮಕ್ಕಳಿಗೆ ಗೊತ್ತು? ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ನೂರಾರು ದೇಸಿ ಭತ್ತದ ತಳಿಗಳನ್ನು ಕಾಪಾಡಿಕೊಂಡು ಬಂದಿರುವ ರೈತ ಸೈಯದ್ ಘನಿ ಖಾನ್ ಅವರ ಗದ್ದೆಯೂ ಮಕ್ಕಳು ನೋಡಲೇಬೇಕಾದ ಜಾಗ. ಜೀವವೈವಿಧ್ಯ ಎಂಬ ಪಾಠ ಅಲ್ಲಿ ತೆನೆಯಾಗಿ ನಿಂತಿರುತ್ತದೆ.

ಥರ್ಮೋಕೋಲ್ ಕಾಲ

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲೆಯ ಜ್ಞಾನವನ್ನು ಹೊರಗಿನ ಬದುಕಿಗೆ ಜೋಡಿಸಬೇಕೆಂದಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ, ಚಟುವಟಿಕೆ ಮತ್ತು ಅನ್ವೇಷಣೆಯ ಮೂಲಕ ಕಲಿಸುವುದನ್ನು ಕಾನೂನಿನಲ್ಲೇ ಬರೆಯಿತು. ಇದೇ ಕಾಲದಲ್ಲಿ ಬಂದ ಇನ್‌ಸ್ಪೈರ್ ಪ್ರಶಸ್ತಿ ಯೋಜನೆಯಲ್ಲಿ ಆಯ್ಕೆಯಾದ ಮಗುವಿಗೆ ಮಾದರಿ ತಯಾರಿಸಲು ಮೊದಲು 5,000 ರೂಪಾಯಿ, ಮುಂದೆ 10,000 ರೂಪಾಯಿ ಸಿಗುವಂತಾಯಿತು. ಬಡ ಮಕ್ಕಳ ಕೈಗೆ ಮೊದಲ ಬಾರಿ ವಿಜ್ಞಾನಕ್ಕೆಂದೇ ಹಣ ಬಂತು. ಇದು ಸಣ್ಣ ಮಾತಲ್ಲ.

ಇದರ ಜೊತೆಗೆ ಒಂದು ಕೆಟ್ಟ ಚಾಳಿಯೂ ಬೆಳೆಯಿತು. ಪೇಟೆಯ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಥರ್ಮೋಕೋಲ್ ಜ್ವಾಲಾಮುಖಿ, ಬಣ್ಣದ ಮಳೆಕೊಯ್ಲು ಮಾದರಿ ಮೇಳದ ಮೇಜುಗಳ ಮೇಲೆ ಕೂತವು. ನಮ್ಮ ಜಿಲ್ಲೆಯಲ್ಲಿ ಇಲ್ಲದ ಜ್ವಾಲಾಮುಖಿಗೆ ಬಹುಮಾನ, ಊರ ಬಾಗಿಲಲ್ಲೇ ಇರುವ ಆಲೆಮನೆಗೆ ಪ್ರಮಾಣಪತ್ರವೂ ಇಲ್ಲ ಎಂಬಂಥ ಸ್ಥಿತಿ. ತಪ್ಪು ಮಕ್ಕಳದ್ದಲ್ಲ. ಒಂದು ವಾರದ ಹಿಂದೆ ಸುತ್ತೋಲೆ ಬಂದರೆ ಯಾವ ಶಿಕ್ಷಕರಾದರೂ ಏನು ಅಳೆಸಲು ಸಾಧ್ಯ? ಅಳತೆಗೆ ಕಾಲ ಬೇಕು. ಬಿಸಿಯೂಟದ ಲೆಕ್ಕ, ಗಣತಿ, ಚುನಾವಣೆ ಕೆಲಸಗಳ ನಡುವೆ ಆ ಕಾಲವನ್ನು ಕದ್ದು ತಂದವರೇ ಒಳ್ಳೆಯ ಪ್ರಾಜೆಕ್ಟು ಮಾಡಿಸಿದರು.

ಆರರಿಂದ ಎಂಟನೇ ತರಗತಿಗೆ ಪದವೀಧರ ಶಿಕ್ಷಕರು ಬೇಕೆಂಬ ಹಳೆಯ ಬೇಡಿಕೆಗೂ ಉತ್ತರ ದೊರೆಯತೊಡಗಿತು. 2022ರಲ್ಲಿ ರಾಜ್ಯದಲ್ಲಿ 15,000 ಪದವೀಧರ ಶಿಕ್ಷಕರ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಬಿ.ಎಸ್ಸಿ. ಓದಿದವರು ಮಿಡ್ಲ್ ಸ್ಕೂಲಿಗೆ ಬರುತ್ತಿದ್ದಾರೆ. ಹಳೆಯ ಟಿ.ಸಿ.ಎಚ್. ಮೇಷ್ಟ್ರುಗಳ ಅಳುಕು ಇವರಿಗಿಲ್ಲ. ಆದರೆ ಆ ಮೇಷ್ಟ್ರುಗಳಿಗಿದ್ದ ಊರಿನ ಪರಿಚಯ ಇವರಿಗೆ ಬೇಕು. ಅದನ್ನು ಕೊಡಬೇಕಾದವರು ನಾವು.

ಪಣದಲ್ಲಿರುವುದು ಏನು?

2019ರ ಡಿಸೆಂಬರ್ 26ರಂದು ಮತ್ತೆ ಸೂರ್ಯಗ್ರಹಣ ಬಂತು. ಮಂಗಳೂರು, ಕೊಡಗಿನ ಕಡೆ ಕಂಕಣ. ನಮ್ಮಲ್ಲಿ ಸೂರ್ಯನ ಬಹುಭಾಗ ಮರೆಯಾಯಿತು. ಈ ಬಾರಿ ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ ಗೋಡೆಯ ಮೇಲೆ ಸೂರ್ಯನ ಬಿಂಬ ಬೀಳಿಸಿ ಮಕ್ಕಳಿಗೆ ತೋರಿಸಿದ ಶಿಕ್ಷಕರು ನಾಡಿನ ಉದ್ದಗಲಕ್ಕೂ ಇದ್ದರು. ಮರದ ಎಲೆಗಳ ಸಂದಿಯಿಂದ ನೆಲದ ಮೇಲೆ ಬಿದ್ದ ನೂರಾರು ಸಣ್ಣ ಕುಡುಗೋಲುಗಳನ್ನು ಕಂಡ ಮಕ್ಕಳು ಅದನ್ನು ಮರೆಯಲಾರರು. ಅದೇ ದಿನ ಕಲಬುರಗಿ ಜಿಲ್ಲೆಯಲ್ಲಿ ಅಂಗವೈಕಲ್ಯ ವಾಸಿಯಾಗಲೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತ ಸುದ್ದಿಯೂ ಬಂತು. 1980ರಿಂದ 2019ಕ್ಕೆ ನಾವು ನಡೆದ ದಾರಿ ಎಷ್ಟು, ಉಳಿದ ದಾರಿ ಎಷ್ಟು ಎಂಬುದು ಆ ಒಂದೇ ದಿನದಲ್ಲಿ ಕಂಡಿತು.

ಮರುವರ್ಷ ಕೊರೊನಾ ಬಂದು ಶಾಲೆ ಮುಚ್ಚಿದಾಗ ಸರ್ಕಾರ 'ವಿದ್ಯಾಗಮ' ತಂದಿತು. ಶಿಕ್ಷಕರು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಮನೆಯಂಗಳಗಳಿಗೆ ಹೋಗಿ ಪಾಠ ಮಾಡಿದರು. ಕಪ್ಪುಹಲಗೆಯೂ ಇಲ್ಲದ ಕಡೆ ಕೈಗೆ ಸಿಕ್ಕಿದ್ದು ಗಿಡ, ಹುಳು, ನೀರು, ನೆರಳು. ಊರೇ ಪ್ರಯೋಗಾಲಯ ಎಂಬ ಮಾತು ಆಗ ಅನಿವಾರ್ಯವಾಗಿ ನಿಜವಾಯಿತು.

ಕೊನೆಯದಾಗಿ ಹೇಳಬೇಕಾದ ಮಾತು ಕಹಿಯಾದದ್ದು. ಆದರೂ ಈ ಸಂಚಿಕೆಯಲ್ಲಿ ಅದು ಇರಲೇಬೇಕು. 2023ರ ಕೊನೆಯಲ್ಲಿ ನಮ್ಮ ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. 1994ರ ಕಾನೂನು ನಿಷೇಧಿಸಿದ ಕೆಲಸ ಅದು. ಯಂತ್ರ ವಿಜ್ಞಾನದ್ದೇ. ಅದನ್ನು ನಡೆಸಿದವರೂ, ಹುಡುಕಿಕೊಂಡು ಹೋದವರೂ ಶಾಲೆ ಕಂಡವರೇ. ಮಗು ಹೆಣ್ಣೋ ಗಂಡೋ ಎಂಬುದು ತಂದೆಯಿಂದ ಬರುವ ವರ್ಣತಂತುವಿನಿಂದ ನಿರ್ಧಾರವಾಗುತ್ತದೆ, ತಾಯಿಯದೇನೂ ಪಾತ್ರವಿಲ್ಲ ಎಂದು ಎಂಟನೇ ತರಗತಿಯ ಪಾಠ ಹೇಳುತ್ತದೆ. ಆ ಪಾಠ ಬಂದಾಗ ಸಂಕೋಚದಿಂದ "ನೀವೇ ಓದ್ಕೊಳ್ಳಿ" ಎಂದು ಪುಟ ತಿರುವಿದ ತರಗತಿಗಳು ಎಷ್ಟೋ. ಹಾಗೆ ತಿರುವಿದ ಪುಟದ ಬೆಲೆಯನ್ನು ಹೆಣ್ಣುಮಕ್ಕಳು ತೆರುತ್ತಿದ್ದಾರೆ. ಎರಡು ಬಣ್ಣದ ಹುಣಸೆಬೀಜ, ಅವರೆಕಾಳುಗಳನ್ನು ಚೀಲದಿಂದ ಜೋಡಿ ಜೋಡಿಯಾಗಿ ತೆಗೆಸಿ, ಹೆಣ್ಣು ಗಂಡು ಹೇಗೆ ಸಮಸಮವಾಗಿ ಬರುತ್ತವೆ ಎಂದು ಮಕ್ಕಳಿಂದಲೇ ಎಣಿಸಿ ತೋರಿಸಬಹುದು. ಖರ್ಚಿಲ್ಲದ ಪ್ರಾಜೆಕ್ಟು. ನಮ್ಮ ಜಿಲ್ಲೆಯ ಪ್ರತಿ ಎಂಟನೇ ತರಗತಿಯಲ್ಲೂ ಅದು ನಡೆಯಬೇಕು.

ಮುಂದಿನ ಐವತ್ತಕ್ಕೆ

ಈ ಚರಿತ್ರೆ ಬರೆಯಲು ಕೂತಾಗ ಕಣ್ಣಿಗೆ ಹೊಡೆಯುವ ಕೊರತೆ ಒಂದೇ: ಮಕ್ಕಳು ಮಾಡಿದ ಪ್ರಾಜೆಕ್ಟುಗಳು ಉಳಿದಿಲ್ಲ. ಮೇಳ ಮುಗಿದ ಮೇಲೆ ವರದಿಗಳು ರದ್ದಿಗೆ ಹೋದವು. ಫಲಿತಾಂಶದ ವಹಿಗಳಿವೆ, ದಾಸ್ತಾನು ವಹಿಗಳಿವೆ, ಮಕ್ಕಳು ಅಳೆದು ಬರೆದ ಪುಟಗಳಿಲ್ಲ. ಹಾಗಾಗಿ ಪ್ರತಿ ಹೊಸ ಶಿಕ್ಷಕರೂ ಸೊನ್ನೆಯಿಂದ ಶುರುಮಾಡುತ್ತಾರೆ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ಒಂದು ವಿನಂತಿ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸಿ, ಬೇಡವೆನ್ನುವುದಿಲ್ಲ. ಜೊತೆಗೆ ಶಾಲೆಯಲ್ಲಿ ಒಂದು ಕಪಾಟು ಕೊಡಿಸಿ. ಅದರಲ್ಲಿ ವರ್ಷಕ್ಕೊಂದು ವಹಿ ಇರಲಿ: ಊರಿನ ಬಾವಿಯ ನೀರಿನ ಮಟ್ಟ, ಮಳೆಯ ಅಳತೆ, ಆಲೆಮನೆಯ ಲೆಕ್ಕ, ಮೊದಲ ಹೆಜ್ಜಾರ್ಲೆ ಕಂಡ ದಿನ, ಯಾವ ಮನೆಗೆ ಯಾವ ವರ್ಷ ಕರೆಂಟು ಬಂತು ಎಂದು ಅಜ್ಜಿಯರು ಹೇಳಿದ ಮಾತು. ಏಪ್ರಿಲ್ ಕೊನೆಯ ವಾರದ ಸುಮಾರಿಗೆ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನಮ್ಮ ಊರುಗಳಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬಂದು, ನೆಟ್ಟ ಕೋಲಿಗೆ ನೆರಳೇ ಇಲ್ಲದಾಗುತ್ತದೆ. ಏಪ್ರಿಲ್‌ನಲ್ಲಿ ಬೇಸಿಗೆ ರಜೆ, ಆಗಸ್ಟ್‌ನಲ್ಲಿ ಮೋಡ. ಮೋಡ ಸರಿದ ವರ್ಷ ಅದನ್ನು ಕಂಡ ಮಕ್ಕಳ ಹೆಸರೂ ಆ ವಹಿಯಲ್ಲಿ ಇರಲಿ.

ಆಲೆಮನೆ ಯಜಮಾನರು, ರೈತರು, ರೇಷ್ಮೆ ಬೆಳೆಗಾರರು, ಲೈನ್‌ಮನ್ನುಗಳು ಶಾಲೆಯ ಮಕ್ಕಳು ಬಂದು ಕೇಳಿದರೆ ಕೂರಿಸಿ ಹೇಳಿ. ಆ ಕಪಾಟಿಗೆ ಮಾತ್ರ ಬೀಗ ಹಾಕಿಸಬೇಡಿ.